ಬೋರ್ಡಿಗೇರುವ ಹೆಸರು, ಗಂಟಲಲ್ಲೇ ಉಳಿಯುವ ಹೆಸರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಅಯ್ಯಂಗಾರ್ ಬೇಕರಿ ಕಣ್ಣಿಗೆ ಬೀಳುತ್ತದೆ. ಹಾಸನ ಜಿಲ್ಲೆಯಿಂದ ಹೋದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಆಮೇಲೆ ಇದೇ ಜಿಲ್ಲೆಯ ಹಳ್ಳಿಗಳಿಂದ ಹೊರಟವರು ಆ ಕಸುಬನ್ನು ಊರೂರಿಗೆ ಒಯ್ದರು. ಇವತ್ತು ಗಲ್ಲಾದಲ್ಲಿ ಕೂತವರು ಅಯ್ಯಂಗಾರರೇ ಆಗಿರಬೇಕೆಂದಿಲ್ಲ. ಚನ್ನರಾಯಪಟ್ಟಣ ಕಡೆಯ ಒಕ್ಕಲಿಗರೋ ಮತ್ತೊಬ್ಬರೋ ಇರಬಹುದು. ಖಾರಾ ಬನ್ ಕೊಳ್ಳಲು ಬಂದವರು ಅದನ್ನು ವಿಚಾರಿಸುವುದೂ ಇಲ್ಲ. ಬೋರ್ಡಿನ ಮೇಲಿರುವುದು ಒಂದು ಜಾತಿಯ ಹೆಸರು ಎಂಬುದೇ ನಮಗೆ ಮರೆತುಹೋಗಿದೆ.

ಅದೇ ಜಿಲ್ಲೆಯ, ಕೆಲವೊಮ್ಮೆ ಅದೇ ಊರಿನ ಇನ್ನೊಂದು ಕೇರಿಯಿಂದ ಬಂದವನು ಹಾಸನದಲ್ಲೋ ಬೆಂಗಳೂರಿನಲ್ಲೋ ಬಾಡಿಗೆ ಮನೆ ಕೇಳುವಾಗ ಮಾತ್ರ ಮಾತು ತಡವರಿಸುತ್ತದೆ. ‘ಯಾವ ಜನ ನೀವು?’ ಎಂದು ಮನೆ ಓನರ್ ಕೇಳುತ್ತಾರೆ. ‘ಹೊಳೆನರಸೀಪುರದ ಕಡೆಯೋರು ಸಾರ್’ ಎಂದು ಊರಿನ ಹೆಸರಲ್ಲಿ ಜಾತಿಯನ್ನು ಮುಚ್ಚಿ ಉತ್ತರಿಸಬೇಕಾಗುತ್ತದೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿದ್ದರೆ ಆ ಪ್ರಶ್ನೆಗೂ ಅವಕಾಶವಿಲ್ಲ.

ಜಾತಿಯ ಹಣೆಪಟ್ಟಿ ಬೇಕೇ ಬೇಡವೇ ಎಂಬ ಚರ್ಚೆ ಪ್ರತಿ ಸಮೀಕ್ಷೆಯ ಹೊತ್ತಿಗೂ ಏಳುತ್ತದೆ. ‘ನಾನು ಮನುಷ್ಯ ಎಂದಷ್ಟೇ ಬರೆಸುತ್ತೇನೆ’ ಎನ್ನುವವರ ಸದುದ್ದೇಶವನ್ನು ಅನುಮಾನಿಸಬೇಕಿಲ್ಲ. ಆದರೆ ಹಣೆಪಟ್ಟಿಗಳೆಲ್ಲ ಒಂದೇ ತೂಕದವಲ್ಲ. ಒಂದನ್ನು ಬರೆಸಿದರೆ ವ್ಯಾಪಾರ ಕುದುರುತ್ತದೆ, ಇನ್ನೊಂದನ್ನು ಬಾಯಿಬಿಟ್ಟರೆ ಮನೆ ತಪ್ಪುತ್ತದೆ. ಯಾವುದನ್ನು ಹೊತ್ತವರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದನ್ನು ಬಿಟ್ಟು ‘ಹಣೆಪಟ್ಟಿಯಿಂದ ಉಪಯೋಗವಿದೆಯೇ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಸಿದಾಗ ಹಣೆಪಟ್ಟಿಗಳ ಈ ವ್ಯತ್ಯಾಸ ಎದ್ದು ಕಂಡಿತು. ಒಳಮೀಸಲಾತಿಗೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಹೇಳಿತ್ತು. ಪಟ್ಟಿಯಲ್ಲಿರುವ 101 ಜಾತಿಗಳಿಗೆ ಶೇ 17ರ ಮೀಸಲಾತಿಯನ್ನು ಹಂಚಲು ಯಾರು ಎಷ್ಟಿದ್ದಾರೆ ಎಂಬ ಲೆಕ್ಕ ಬೇಕಿತ್ತು. ಅಡ್ಡ ಬಂದದ್ದು ಮೂರು ಹೆಸರು: ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ. ಊರ ಬಾಯಲ್ಲಿ ಎಕೆ, ಎಡಿ, ಎಎ.

ಈ ಹೆಸರುಗಳ ಹುಟ್ಟು ತಿಳಿಯದೆ ಇಂದಿನ ಗೋಜಲು ಅರ್ಥವಾಗದು. ಮೈಸೂರು ಸಂಸ್ಥಾನದಲ್ಲಿ 1920ರ ದಶಕದಲ್ಲಿ, ‘ಪಂಚಮ’ ಎಂಬ ಕರೆ ಬೇಡ, ಈ ನೆಲದ ಮೊದಲಿಗರು ನಾವೇ ಎಂಬ ಹಕ್ಕುಸಾಧನೆಯೊಡನೆ ‘ಆದಿ’ ಬಂತು. ಬೈಗುಳವಾಗಿ ಬಳಕೆಯಾಗುತ್ತಿದ್ದ ಹೆಸರುಗಳ ಜಾಗದಲ್ಲಿ ತಲೆಯೆತ್ತಿ ಹೇಳಬಹುದಾದ ಒಂದು ಹೆಸರು ಸಿಕ್ಕಿತು. ಶಾಲೆಯ ದಾಖಲೆಗೆ, ಜಾತಿ ಪ್ರಮಾಣಪತ್ರಕ್ಕೆ ಅದೇ ಏರಿತು. ಅಜ್ಜನಿಗೆ ಅದು ಮರ್ಯಾದೆ ಕೊಟ್ಟಿತು. ಮೊಮ್ಮಗನ ಕಾಲಕ್ಕೆ ಅದೇ ಹೆಸರು ಅವನು ಹೊಲೆಯ ಸಮುದಾಯದವನೋ ಮಾದಿಗ ಸಮುದಾಯದವನೋ ಎಂಬುದನ್ನು ಮರೆಮಾಚಿತು. ಎಕೆ ಎಂದರೆ ಒಂದು ಸೀಮೆಯಲ್ಲಿ ಬಲಗೈ ಎನಿಸಿದ ಹೊಲೆಯರು, ಮತ್ತೊಂದು ಸೀಮೆಯಲ್ಲಿ ಎಡಗೈ ಎನಿಸಿದ ಮಾದಿಗರು. 2005ರಲ್ಲಿ ರಚನೆಯಾಗಿ 2012ರಲ್ಲಿ ಒಳಮೀಸಲಾತಿಯ ವರದಿ ಕೊಟ್ಟ ಸದಾಶಿವ ಆಯೋಗದ ಕಾಲದಿಂದಲೂ ಈ ಗಂಟು ಬಿಚ್ಚಿರಲಿಲ್ಲ.

2025ರ ಸಮೀಕ್ಷೆಯಲ್ಲಿ ಮೂಲ ಜಾತಿ ಹೇಳಲು ಜನ ಹಿಂಜರಿದಾಗ ಅದನ್ನು ಅಜ್ಞಾನ ಎಂದವರುಂಟು. ನನಗೆ ಅದು ಪಕ್ಕಾ ಲೆಕ್ಕಾಚಾರವಾಗಿಯೇ ಕಾಣುತ್ತದೆ. ಅರಕಲಗೂಡಿನ ಹಳ್ಳಿಯಲ್ಲಿ ಗಣತಿಗೆ ಬರುವ ಮೇಷ್ಟರಿಗೆ ಯಾವ ಮನೆ ಯಾರದೆಂದು ಗೊತ್ತು. ಅಲ್ಲಿ ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ. ಪೇಟೆಯಲ್ಲಿ ಹಾಗಲ್ಲ. ಮೆಟ್ಟಿಲ ಮೇಲೆ ನಿಂತ ಓನರ್ ಕಿವಿಗೆ ಬೀಳುವಂತೆ ಜಾತಿ ಹೇಳಿ ಎಂದರೆ ಯಾರು ಹೇಳುತ್ತಾರೆ? ಶಿಬಿರಕ್ಕೆ ಬಂದು ಬರೆಸಲು, ಆನ್‌ಲೈನ್‌ನಲ್ಲಿ ಸ್ವಯಂ ಘೋಷಿಸಲು ನಾಗಮೋಹನ ದಾಸ್ ಆಯೋಗ ದಾರಿ ತೆರೆದಿತ್ತು. ಅಷ್ಟಾದರೂ ಎಕೆ, ಎಡಿ, ಎಎ ಎಂಬಲ್ಲಿಗೇ ನಿಂತವರು ಉಳಿದರು. ಅವರಿಗೆಂದು ಆಯೋಗ ಶೇ 1ರ ಪ್ರತ್ಯೇಕ ಗುಂಪು ಸೂಚಿಸಿತು. 2025ರ ಆಗಸ್ಟ್ 19ರಂದು ಸಚಿವ ಸಂಪುಟ ಶೇ 17ನ್ನು ಮೂರು ಗುಂಪುಗಳಿಗೆ 6-6-5ರಂತೆ ಹಂಚುವ ಸೂತ್ರ ಒಪ್ಪಿದಾಗ ಆ ಗುಂಪು ಉಳಿಯಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಆಗ ಒಕ್ಕಲಿಗ ಮುಖಂಡರು, ಮಠಾಧೀಶರು ಕೊಟ್ಟ ಕರೆ ಗಮನಾರ್ಹ: ಜಾತಿಯ ಕಾಲಂನಲ್ಲಿ ‘ಒಕ್ಕಲಿಗ’ ಎಂದೇ ಬರೆಸಿ. ಗಂಗಡಿಕಾರ, ದಾಸ, ಮುಳ್ಳು ಎಂಬ ಒಳಪಂಗಡಗಳ ವ್ಯತ್ಯಾಸ ಮದುವೆ ಮಾತುಕತೆಯ ಹೊತ್ತಿಗೆ ಹಾಸನದಲ್ಲಿ ಇವತ್ತಿಗೂ ನೆನಪಾಗುತ್ತದೆ. ಸರ್ಕಾರ ತಲೆ ಎಣಿಸುವಾಗ ಮಾತ್ರ ಅದು ಹಿಂದೆ ಸರಿಯುತ್ತದೆ. ಒಡೆದರೆ ಬಲ ಕುಗ್ಗುತ್ತದೆ ಎಂಬ ಭಯ. ಅದು ತಪ್ಪೆಂದು ಹೇಳುತ್ತಿಲ್ಲ. ಆದರೆ ಒಳಪಂಗಡವನ್ನು ಬದಿಗಿಡುವ ಸ್ವಾತಂತ್ರ್ಯ ಒಬ್ಬರಿಗಿದೆ, ಒಳಜಾತಿ ಹೇಳದಿದ್ದರೆ ಪಾಲಿಲ್ಲ ಎಂಬ ಒತ್ತಡ ಇನ್ನೊಬ್ಬರ ಮೇಲಿದೆ.

ತಾವೇ ಆರಿಸಿಕೊಂಡ ಹೆಸರಿಗೂ ಮಿತಿಯಿದೆ. 1970ರ ದಶಕದಲ್ಲಿ ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಅವರಂಥವರ ಚಳವಳಿ ಊರೂರಿಗೆ ತಲುಪಿಸಿದ ‘ದಲಿತ’ ಎಂಬ ಹೆಸರು ಸಂಘಟನೆಗೆ, ಸಾಹಿತ್ಯಕ್ಕೆ ಕಸುವು ತುಂಬಿತು. ಆದರೆ ತಹಶೀಲ್ದಾರರ ಪ್ರಮಾಣಪತ್ರದಲ್ಲಿ ಆ ಹೆಸರಿಗೆ ಜಾಗವಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಮಹಿಳಾ ಸ್ವಸಹಾಯ ಸಂಘದ ದಲಿತ ಸದಸ್ಯೆಯರು ಬಸವೇಶ್ವರ ದೇವಸ್ಥಾನದೊಳಗೆ ಹೋದದ್ದಕ್ಕೆ ದಂಡ ಹಾಕಿದ್ದು ರಾಜ್ಯವ್ಯಾಪಿ ಸುದ್ದಿಯಾಯಿತು. ಉಳಿತಾಯದ ಪುಸ್ತಕದಲ್ಲಿ ಎಲ್ಲರೂ ‘ಸದಸ್ಯರು’. ಗುಡಿಯ ಹೊಸ್ತಿಲಲ್ಲಿ ಯಾವ ಕಾಗದವನ್ನೂ ನೋಡದೆ ಊರು ಹಳೆಯ ಹೆಸರನ್ನೇ ಹಿಡಿದು ಕರೆಯಿತು.

2027ರ ರಾಷ್ಟ್ರೀಯ ಜನಗಣತಿಯಲ್ಲಿ ಎಲ್ಲರ ಜಾತಿ ದಾಖಲಾಗಲಿದೆ, 1931ರ ನಂತರ ಮೊದಲ ಸಲ. ಲೆಕ್ಕವಿಲ್ಲದೆ ಪಾಲು ಕೇಳಲಾಗದು, ಆದ್ದರಿಂದ ಬರೆಸಲೇಬೇಕು ಎಂಬುದು ನನ್ನ ನಿಲುವು. ಆದರೆ ಬರೆಸುವವರ ಕಷ್ಟವನ್ನು ಹಂಚಿಕೊಳ್ಳುವ ಹೊಣೆ ಸರ್ಕಾರದ್ದು. ಮಾಹಿತಿ ಗೋಪ್ಯವಾಗಿರಬೇಕು, ಬಲವಂತ ಕೂಡದು ಎಂದು ಹೈಕೋರ್ಟ್ ರಾಜ್ಯದ ಸಮೀಕ್ಷೆಗೆ ವಿಧಿಸಿದ ಷರತ್ತು ಮನೆಬಾಗಿಲಲ್ಲೂ ಪಾಲನೆಯಾಗಬೇಕು. ಬಾಡಿಗೆ ಮನೆಯವರಿಗೆ ಮೊಬೈಲ್‌ನಲ್ಲೇ ತಾವಾಗಿ ತುಂಬುವ ದಾರಿಯನ್ನು ಗಣತಿದಾರರೇ ಮೊದಲು ಹೇಳಿಕೊಡಲಿ. ಅಜ್ಜನ ಕಾಲದ ಟಿ.ಸಿ.ಯಲ್ಲಿ ಎಕೆ ಎಂದಿರುವವರು ಮೂಲ ಜಾತಿಯ ಪ್ರಮಾಣಪತ್ರ ಬಯಸಿದರೆ ತಾಲ್ಲೂಕು ಕಚೇರಿಗೆ ತಿಂಗಳುಗಟ್ಟಲೆ ಅಲೆಯುವಂತಾಗಬಾರದು. ಎಕೆ ಎಂದೇ ಉಳಿಯುತ್ತೇನೆ ಎನ್ನುವವರನ್ನು ದಡ್ಡರೆಂದು ಗದರಿಸುವ ಅಧಿಕಾರವೂ ಯಾರಿಗೂ ಇಲ್ಲ.