ಹೆಬ್ಬೆಟ್ಟಿನಿಂದ ರ‍್ಯಾಪ್‌ವರೆಗೆ

ಕಳೆದ ರಜೆಗೆ ಚಂದಕವಾಡಿಗೆ ಹೋದಾಗ ಅಜ್ಜಿಗೆ ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿದೆ. ದೊಗಲೆ ಬಟ್ಟೆ, ಟೋಪಿ ಹಾಕಿಕೊಂಡ ಎಂಟು ಮುದುಕಿಯರು ಕೈ ಬೀಸುತ್ತಾ ಕೊರಿಯನ್ ಭಾಷೆಯಲ್ಲಿ ರ‍್ಯಾಪ್ ಮಾಡುತ್ತಿದ್ದರು. ನಗುತ್ತಾಳೆ ಅಂದುಕೊಂಡಿದ್ದೆ. ಅಜ್ಜಿ ಕೊನೆವರೆಗೂ ನೋಡಿ, ‘ಇವ್ರೂ ಸೋಬಾನೆ ಹೇಳೋರೆ ಕನ ಮಗ’ ಅಂದಳು. ಊರಿನ ಮದುವೆಗಳಲ್ಲಿ ಅಜ್ಜಿಯ ಸೋಬಾನೆ ಇಲ್ಲದೆ ಶಾಸ್ತ್ರ ಮುಂದೆ ಹೋಗುವುದಿಲ್ಲ. ಬ್ಯಾಂಕಿಗೆ ಹೋದರೆ ಮಾತ್ರ ಹೆಬ್ಬೆಟ್ಟು.

ಆ ತಂಡದ ಹೆಸರು ‘ಸೂನಿ ಮತ್ತು ಏಳು ರಾಜಕುಮಾರಿಯರು’. ದಕ್ಷಿಣ ಕೊರಿಯಾದ ಚಿಲ್‌ಗೊಕ್ ಪ್ರದೇಶದ ಹಳ್ಳಿಯವರು. 2023ರಲ್ಲಿ ತಂಡ ಕಟ್ಟಿದಾಗ ಅವರ ಸರಾಸರಿ ವಯಸ್ಸು 85. ನಮ್ಮ ಕಾಲೇಜಿನಲ್ಲಿ 20 ವರ್ಷದವರಿಗೇ ‘ಈಗ ಕೋಡಿಂಗ್ ಶುರು ಮಾಡಿದರೆ ಲೇಟಾಯ್ತು’ ಅನ್ನುತ್ತಾರೆ, ಇರಲಿ.

‘ಅಜ್ಜಿಯರ ಉತ್ಸಾಹ ನೋಡಿ’ ಎಂದು ಈ ವಿಡಿಯೊಗಳನ್ನು ಹಂಚಿಕೊಂಡು ಮರೆಯುವುದು ಸುಲಭ. ಆದರೆ ಅವರು ನೇರವಾಗಿ ರ‍್ಯಾಪ್‌ಗೆ ಬಂದವರಲ್ಲ. ಜಪಾನ್ ಆಳ್ವಿಕೆ, ಆಮೇಲೆ ಯುದ್ಧ, ಬಡತನ, ಜೊತೆಗೆ ‘ಹೆಣ್ಣಿಗೇಕೆ ಓದು’ ಎಂಬ ಮಾತು. ಇವೆಲ್ಲ ಸೇರಿ ಅವರಿಗೆ ಶಾಲೆ ತಪ್ಪಿತು. ಮುಪ್ಪಿನಲ್ಲಿ ವಯಸ್ಕರ ಶಿಕ್ಷಣದ ತರಗತಿಗೆ ಹೋಗಿ ಅಕ್ಷರ ಕಲಿತರು. ಕವಿತೆ ಬರೆದರು. ಆ ಕವಿತೆಗಳೇ ರ‍್ಯಾಪ್ ಆದವು. ಶಾಲೆಗೆ ಹೋಗಲಾಗದ ಸಂಕಟವೂ ಅದರಲ್ಲಿದೆ. ತಂಡದ ಸೊ ಮು ಸೊಕ್ ಎಂಬ ಅಜ್ಜಿ ಕ್ಯಾನ್ಸರ್ ಇದ್ದುದನ್ನು ಗೆಳತಿಯರಿಗೂ ಹೇಳದೆ ತಿಂಗಳುಗಟ್ಟಲೆ ವೇದಿಕೆ ಹತ್ತಿ, 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಹಿಪ್‌ಹಾಪ್ ಹುಡುಗರದ್ದು ಅನ್ನುವುದೂ ಈಗ ಅರ್ಧ ಸತ್ಯ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ನಡೆದ ಪಾರ್ಟಿಯನ್ನು ಅದರ ಹುಟ್ಟು ಎನ್ನುತ್ತಾರೆ. ಅಲ್ಲಿ ಹಾಡು ಹಾಕಿದ ಡಿಜೆ ಕೂಲ್ ಹರ್ಕ್‌ಗೆ ಆಗ 18, 2025ರಲ್ಲಿ ಎಪ್ಪತ್ತು ತುಂಬಿತು. ಕನ್ನಡದಲ್ಲಿ ಮಾತ್ರ ರ‍್ಯಾಪ್ ಎಂದರೆ ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್‌ಓ ಹೀಗೆ ನಮ್ಮ ಅಣ್ಣಂದಿರ ವಯಸ್ಸಿನವರೇ ನೆನಪಾಗುತ್ತಾರೆ.

ನಮ್ಮ ಜಿಲ್ಲೆಯಲ್ಲಿ ತಾಳಕ್ಕೆ ಬರವಿಲ್ಲ. ಕಂಸಾಳೆಯವರು, ತಂಬೂರಿ ಹಿಡಿದ ನೀಲಗಾರರು ರಾತ್ರಿಯಿಡೀ ಮಾದಪ್ಪನ, ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ರ‍್ಯಾಪ್ ನಮ್ಮಲ್ಲಿ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಒಂದು ವ್ಯತ್ಯಾಸ ಇದೆ. ಅಜ್ಜಿ ಸಂಕಮ್ಮನ ಕಷ್ಟ ಹಾಡುತ್ತಾಳೆ, ತವರು ಬಿಡುವ ಮದುಮಗಳ ದುಃಖ ಹಾಡುತ್ತಾಳೆ. ಅರಿಸಿನದ ಹೊಲದಲ್ಲಿ ತಾನು ಕಳೆ ಕಿತ್ತ ವರ್ಷಗಳ ಬಗ್ಗೆ ಒಂದು ಸಾಲೂ ಇಲ್ಲ. ಕೊರಿಯಾದ ಅಜ್ಜಿಯರು ‘ನಾನು’ ಎಂದು ಹಾಡುತ್ತಾರೆ. ಆ ‘ನಾನು’ ಅವರಿಗೆ ಪೆನ್ಸಿಲ್ ಹಿಡಿದ ಮೇಲೆ ಸಿಕ್ಕಿತು ಅಂತ ನನ್ನ ಲೆಕ್ಕ.

2011ರ ಜನಗಣತಿಯಲ್ಲಿ ಚಾಮರಾಜನಗರದ ಸಾಕ್ಷರತೆ ಸುಮಾರು ಶೇ 61. ರಾಜ್ಯದ್ದು ಶೇ 75. ಹೆಂಗಸರಲ್ಲಿ ಇನ್ನೂ ಕಡಿಮೆ. ಕೇಂದ್ರದ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರವರೆಗೆ ಇದೆ. 15 ವರ್ಷ ದಾಟಿದ ಯಾರು ಬೇಕಾದರೂ ಕಲಿಯಬಹುದು, ಕಲಿಸುವವರು ಸ್ವಯಂಸೇವಕರು. ನಮ್ಮಂಥ ವಿದ್ಯಾರ್ಥಿಗಳೂ ಸೇರಬಹುದು. ಆದರೆ ನಾವು ಇಂಟರ್ನ್‌ಶಿಪ್ ಸರ್ಟಿಫಿಕೇಟ್‌ಗೆ ದುಡ್ಡು ಕಟ್ಟಲು ತಯಾರು, ಪಕ್ಕದ ಮನೆ ಅಜ್ಜಿಗೆ ಅ ಆ ಇ ಈ ಹೇಳಿಕೊಡಲು ಟೈಮ್ ಇಲ್ಲ. ನಾನೂ ಇದರಲ್ಲಿ ಒಬ್ಬ.

ಹೊರಡುವ ಹಿಂದಿನ ರಾತ್ರಿ ಸೋಬಾನೆ ರೆಕಾರ್ಡ್ ಮಾಡುತ್ತೇನೆ ಅಂದೆ. ‘ಅದು ಇದ್ದದ್ದೇ. ಮೊದ್ಲು ನನ್ ಹೆಸ್ರು ಬರ‍್ಯದ ಹೇಳ್ಕೊಡು’ ಅಂದಳು. ಕಾಲೇಜಿನ ರಫ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟೆ. ಹತ್ತು ಗಂಟೆವರೆಗೂ ತಿದ್ದಿದಳು. ಒತ್ತಕ್ಷರ ಇನ್ನೂ ಬಂದಿಲ್ಲ.