ಪ್ಲೇಟ್ ಅಲ್ಲ, ಪಂಚ್ ನೋಡಿ

ನಮ್ಮ ಮೆಟ್ರಿ, ಕಂಪ್ಲಿ ಕಡೆ ಹಳೆ ಬೈಕ್ ಕೊಳ್ಳುವವರು ಮೊದಲು ಟೈರ್ ನೋಡುತ್ತಾರೆ, ಆಮೇಲೆ ಕಿಕ್ ಹೊಡೆದು ಸದ್ದು ಕೇಳುತ್ತಾರೆ, ಆಮೇಲೆ ರೇಟಿಗೆ ಕೂರುತ್ತಾರೆ. ಚಾಸಿಸ್ ನಂಬರ್ ನೋಡುವವರು ಕಡಿಮೆ. ನೋಡಿದರೂ ತಗಡಿನ ಪ್ಲೇಟ್ ನೋಡಿ ತಲೆಯಾಡಿಸುತ್ತಾರೆ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆ ನಂಬರನ್ನೇ, ಅದೂ ಪ್ಲೇಟಿನ ಮೇಲಲ್ಲ, ಕಬ್ಬಿಣದ ಮೇಲೆ ಎಂಬುದು ನನ್ನ ವಾದ.

ಯೆಜ್ಡಿ ಬೈಕನ್ನೇ ತೆಗೆದುಕೊಳ್ಳಿ. ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಮೈಸೂರಿನಲ್ಲಿ 1961ರಲ್ಲಿ ಶುರುವಾಯಿತು. ಮೊದಲು ಝೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಬೈಕ್‌ಗಳು ಹೊರಬಂದವು. 1996ರಲ್ಲಿ ಬಾಗಿಲು ಮುಚ್ಚಿತು. ಕಂಪನಿ ಹೋದರೂ ಬೈಕ್ ಹೋಗಲಿಲ್ಲ. ಈಗ ಅದನ್ನು ಹುಡುಕಿ ಹುಡುಕಿ ಕೊಳ್ಳುವವರಿದ್ದಾರೆ, ರೇಟೂ ಏರಿದೆ. ರೇಟು ಏರಿದ ಕಡೆ ಕೈಚಳಕವೂ ಬರುತ್ತದೆ.

ಬೈಕ್ ಆಗಲಿ ಕಾರ್ ಆಗಲಿ, ಫ್ರೇಮ್ ಒಂದು ಕಡೆ ತಯಾರಾಗುತ್ತದೆ, ಎಂಜಿನ್ ಇನ್ನೊಂದು ಕಡೆ. ಎರಡೂ ಸೇರುವುದು ಜೋಡಣೆಯ ಸಾಲಿನಲ್ಲಿ. ಅದಕ್ಕೇ ನಂಬರ್ ಎರಡು. ಒಂದು ಫ್ರೇಮಿನ ಲೋಹದ ಮೇಲೆ ಪಂಚ್ ಆಗಿರುತ್ತದೆ, ಇನ್ನೊಂದು ಎಂಜಿನ್ನಿನ ಮೇಲೆ. ಇವೆರಡೂ ಆರ್‌ಸಿಯಲ್ಲಿ ಬರೆದಿರುತ್ತವೆ. ಇದಲ್ಲದೆ ರಿವೆಟ್ ಹೊಡೆದು ಕೂರಿಸುವ ತೆಳುವಾದ ತಗಡು ಒಂದಿರುತ್ತದೆ, ಅದೇ ಪ್ಲೇಟ್. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಪಂಚ್ ಒರಿಜಿನಲ್ ವೋಚರ್, ಪ್ಲೇಟ್ ಅದರ ನಕಲು. ಆಡಿಟ್ ಮಾಡುವವರು ನಕಲು ನೋಡಿ ಸಹಿ ಹಾಕುತ್ತಾರೆಯೇ?

ರಿವೆಟ್ಟನ್ನು ಡ್ರಿಲ್ ಮಾಡಿ ತೆಗೆಯಬಹುದು, ಇನ್ನೊಂದು ಹೊಡೆಯಬಹುದು. ಇದು ಎಲ್ಲ ದೇಶದ ತಲೆನೋವು. ಅಮೆರಿಕದ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಮೈ ಫೈಬರ್‌ಗ್ಲಾಸಿನದು. ಫೈಬರಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ಆದ್ದರಿಂದ ನಂಬರ್ ತಗಡಿಗೆ ಒಳಗಿನ ಉಕ್ಕಿನ ಭಾಗ ಹುಡುಕಬೇಕಿತ್ತು. 1963ರಿಂದ 1967ರವರೆಗಿನ ಕಾರ್‌ಗಳಲ್ಲಿ ಅದು ಗ್ಲೋವ್ ಬಾಕ್ಸಿನ ಕೆಳಗಿನ ಪಟ್ಟಿಯ ಮೇಲಿತ್ತು. ಬೇರೆಯವರು ಸುಲಭವಾಗಿ ನಕಲು ಮಾಡದಿರಲಿ ಎಂದು ಜನರಲ್ ಮೋಟಾರ್ಸ್ ಹೂವಿನಾಕಾರದ ತಲೆಯ ವಿಶೇಷ ರಿವೆಟ್ ಬಳಸಿತು. 1969ರ ಮಾದರಿಗಳಿಂದ ನಂಬರ್ ಮುಂದಿನ ಗಾಜಿನ ಮೂಲಕ ಹೊರಗೆ ನಿಂತವರಿಗೂ ಕಾಣಬೇಕೆಂದು ಅಲ್ಲಿನ ಸರ್ಕಾರವೇ ನಿಯಮ ಮಾಡಿತು. ಈಗಿನ ವಾಹನಗಳಿಗೆ 17 ಅಕ್ಷರ-ಅಂಕಿಗಳ ನಂಬರ್ ಇದೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಕಲೆಸಿಹೋಗುತ್ತವೆ ಎಂದು. (ನನ್ನ ಅಕೌಂಟೆನ್ಸಿ ಉತ್ತರಪತ್ರಿಕೆಗೂ ಈ ನಿಯಮ ಬೇಕಿತ್ತು, ಸರ್ ಒಪ್ಪುತ್ತಾರೆ.)

ಈಗ ನಮ್ಮ ಮನೆಯ ಕಥೆ. ನಮ್ಮ ಮಾಮು, ಅಂದರೆ ಅಮ್ಮಿಯ ತಮ್ಮ, ಹತ್ತಿರದ ಊರಿನ ವ್ಯಾಪಾರಿಯೊಬ್ಬರಿಂದ ಹಳೆ ಯೆಜ್ಡಿ ತಂದರು. ಕನ್ನಡಿಯಂಥ ಬಣ್ಣ, ಹೊಳೆಯುವ ಹೊಸ ಪ್ಲೇಟ್. ಪ್ಲೇಟಿನ ನಂಬರ್ ಆರ್‌ಸಿ ಜೊತೆ ಸರಿಯಾಗಿ ಕೂಡಿತ್ತು. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಿಸಬೇಕಲ್ಲ, ಅದಕ್ಕೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಾಸಿಸ್ ಪ್ರಿಂಟ್ ತೆಗೆಯುವಾಗ ದಪ್ಪ ಬಣ್ಣದಡಿ ಬೇರೆಯೇ ನಂಬರ್ ಮೂಡಿತು. ವ್ಯಾಪಾರಿ "ನಾನೂ ಹಂಗೇ ತಗೊಂಡಿದ್ದು" ಎಂದು ಕೈ ಎತ್ತಿದರು. ಗಾಡಿ ಎಂಟು ತಿಂಗಳಿಂದ ಆಡಿನ ಕೊಟ್ಟಿಗೆಯ ಪಕ್ಕ ನಿಂತಿದೆ. ಮಾರುವಂತಿಲ್ಲ, ಓಡಿಸುವಂತಿಲ್ಲ. ನಾನಿಮಾ ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಾರೆ.

ಎಲ್ಲ ತಪ್ಪೂ ಮೋಸವೇ ಎಂದು ನಾನು ಹೇಳುವುದಿಲ್ಲ. ಪ್ಲೇಟ್ ತುಕ್ಕು ಹಿಡಿದು ಉದುರಿದಾಗ ಹೊಸದು ಹಾಕಿಸುವ ಪ್ರಾಮಾಣಿಕರಿದ್ದಾರೆ. ಎರಡು ಹಾಳು ಗಾಡಿಯಿಂದ ಒಂದು ಒಳ್ಳೆಯ ಗಾಡಿ ಮಾಡುವ ಮೇಸ್ತ್ರಿಗಳ ಕೈಗೆ ನಾನು ಸಲಾಂ ಹೇಳುತ್ತೇನೆ. ಆದರೆ ಪಾಲಿಶ್ ಮಾಡುವ ಭರದಲ್ಲಿ ಗ್ರೈಂಡರ್ ಪಂಚಿನ ಮೇಲೆ ಓಡಿದರೆ ಗಾಡಿಯ ಗುರುತೇ ಹೋದಂತೆ. ಬೇಕೆಂದೇ ಅಳಿಸಿದವರೂ ಪೂರ್ತಿ ಗೆಲ್ಲುವುದಿಲ್ಲ. ಪಂಚ್ ಹೊಡೆದಾಗ ಅಕ್ಷರದ ಕೆಳಗಿನ ಲೋಹವೂ ಒತ್ತಿ ಬಿಗಿಯಾಗಿರುತ್ತದೆ. ಮೇಲೆ ಉಜ್ಜಿ ನುಣುಪು ಮಾಡಿದರೂ ಆ ಒತ್ತು ಒಳಗೆ ಉಳಿಯುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಆಸಿಡ್ ಹಚ್ಚಿದರೆ ಆ ಜಾಗ ಸುತ್ತಲಿನ ಲೋಹಕ್ಕಿಂತ ಬೇರೆ ರೀತಿ ಕರಗಿ ಅಳಿದ ನಂಬರ್ ಮತ್ತೆ ಕಾಣುತ್ತದೆ. ತುಂಬಾ ಆಳಕ್ಕೆ ಉಜ್ಜಿದ್ದರೆ ಮಾತ್ರ ಕಷ್ಟ. ತಗಡಿಗೆ ಈ ಶಕ್ತಿ ಎಲ್ಲಿಂದ ಬರಬೇಕು?

2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಬಂದ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕೂಡ ಇದೇ ಪಾಠ ಕಲಿತದ್ದು. ಅಶೋಕ ಚಕ್ರದ ಹೊಲೊಗ್ರಾಮ್, ಲೇಸರ್‌ನಲ್ಲಿ ಕೆತ್ತಿದ ಗುರುತಿನ ಸಂಖ್ಯೆ, ಒಮ್ಮೆ ಕೂತರೆ ಮುರಿಯದೆ ಬಿಚ್ಚಲಾಗದ ಲಾಕ್. ಒಳ್ಳೆಯದೇ. ಆದರೆ ಅದು ಗಾಡಿಯ ಹೊರಗಿನ ಹೆಸರಷ್ಟೇ, ಫ್ರೇಮ್ ನೋಡುವ ಕೆಲಸ ಅದರಿಂದ ತಪ್ಪುವುದಿಲ್ಲ.

ನಮ್ಮಲ್ಲಿ ಎಷ್ಟೋ ಮನೆಗೆ ಹಳೆ ಬೈಕೇ ಮೊದಲ ಗಾಡಿ. ಅದೇ ಹಾಲಿನ ಕ್ಯಾನ್ ಒಯ್ಯುತ್ತದೆ, ತಂಗಿಯನ್ನು ಶಾಲೆಗೆ ಬಿಡುತ್ತದೆ. ಅಂಥ ದುಡ್ಡು ಕೊಡುವ ಮೊದಲು ಹತ್ತು ನಿಮಿಷ ಮಣ್ಣಿನಲ್ಲಿ ಮಂಡಿಯೂರಿ, ಸೀಮೆಎಣ್ಣೆ ಬಟ್ಟೆಯಿಂದ ಫ್ರೇಮ್ ಒರೆಸಿ, ಎರಡೂ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ಅಂಕಿಗಳು ಸೊಟ್ಟಗಿದ್ದರೆ, ಆ ಜಾಗದಲ್ಲಿ ಮಾತ್ರ ಬಣ್ಣ ದಪ್ಪವಿದ್ದರೆ, ಎದ್ದು ಬನ್ನಿ. ಆರ್‌ಸಿ ಇನ್ನೊಬ್ಬರ ಹೆಸರಲ್ಲೇ ಇರಲಿ ಬಿಡಿ ಎನ್ನುವವರಿಂದಲೂ ಎದ್ದು ಬನ್ನಿ. ಅಪಘಾತವಾದರೆ ಹೊಣೆ ನೋಂದಣಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಮಾರಿದವರಿಗೂ ಇದು ಗೊತ್ತಿರಲಿ.

ಬಣ್ಣ ಹೊಡೆಯುವ ಅಣ್ಣಂದಿರಲ್ಲಿ ಒಂದೇ ಕೋರಿಕೆ: ಆ ಎರಡು ಇಂಚು ಜಾಗಕ್ಕೆ ಟೇಪ್ ಹಚ್ಚಿ. ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡ ಮತ್ತು ಉರ್ದುವಿನಲ್ಲಿ ಬರೆದು ನಮ್ಮ ಸೈಕಲ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಲು ಪ್ರಾಂಶುಪಾಲರು ಅನುಮತಿ ಕೊಟ್ಟರೆ ಉರ್ದು ಭಾಗವನ್ನು ನಾನೇ ಬರೆಯುತ್ತೇನೆ. ಕನ್ನಡಕ್ಕೆ ಅಕ್ಷರ ದುಂಡಗಿರುವವರು ಯಾರಾದರೂ ಬನ್ನಿ.