ಕೀ ಉತ್ತರ ತಪ್ಪಿದರೆ ಮಾರ್ಕ್ಸು ಯಾರಿಗೆ?

ಹೋದ ಭಾನುವಾರ ಸುಗಟೂರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಸಿಇಟಿ ಬರೆದು ಕೂತಿದ್ದಾಳೆ. ಕೀ ಉತ್ತರ ಬಂದಾಗಿನಿಂದ ಪ್ರಶ್ನೆಪತ್ರಿಕೆ ಮೇಲೆ ಪೆನ್ಸಿಲ್ಲಲ್ಲಿ ರೈಟು ಹಾಕೋದು, ಅಳಿಸೋದು, ಮತ್ತೆ ಹಾಕೋದು. "ಅಣ್ಣಾ, ನಿನ್ನ ಕೆಲಸಾನೂ ಇದೇ ತಾನೆ? ಪ್ರಶ್ನೇನೇ ತಪ್ಪಾಗಿದ್ರೆ ಮಾರ್ಕ್ಸು ಯಾರಿಗೆ ಕೊಡ್ತೀರಾ?" ಅಂತ ಕೇಳಿದಳು. "ಅದನ್ನ ಸಿಸ್ಟಂ ನೋಡ್ಕೊಳುತ್ತೆ ಬಿಡೇ" ಅಂದೆ.

ಸುಳ್ಳು ಹೇಳಿದೆ. ಸಿಸ್ಟಂ ಏನನ್ನೂ ನೋಡಿಕೊಳ್ಳಲ್ಲ.

ಬೆಂಗಳೂರಲ್ಲಿ ನಾನು ಹೊಟ್ಟೆ ಹೊರೆಯೋದು ಪರೀಕ್ಷೆಯ ಉತ್ತರಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್‌ನಿಂದ. ಅದರೊಳಗೆ 'ಸರಿ ಉತ್ತರ' ಅಂದರೆ ಒಂದು ಟೇಬಲ್ ಅಷ್ಟೆ. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ, ಪ್ರತಿ ಆಯ್ಕೆಗೆ ಒಂದು ಬೆಲೆ. ಸರಿಯಾದದ್ದಕ್ಕೆ 1, ಉಳಿದವಕ್ಕೆ 0. ಪ್ರಶ್ನೆ ಕೆಟ್ಟಿದೆ ಅಂತ ಆಮೇಲೆ ಗೊತ್ತಾದರೆ ಎರಡು ಆಯ್ಕೆಗೂ 1 ಕೊಡಬಹುದು, ಎಲ್ಲರಿಗೂ ಗ್ರೇಸ್ ಕೊಡಬಹುದು, ಇಲ್ಲವೇ ಪ್ರಶ್ನೆಯನ್ನೇ ಲೆಕ್ಕದಿಂದ ತೆಗೆದುಹಾಕಬಹುದು. ಸಾಫ್ಟ್‌ವೇರ್‌ಗೆ ಮೂರೂ ಒಂದೇ. ಬರೆದ ಮಕ್ಕಳಿಗೆ ಒಂದೇ ಅಲ್ಲ.

2024ರ ಸಿಇಟಿ ನೆನಪಿದೆಯಾ? ಏಪ್ರಿಲ್ 18, 19ರಂದು ಪರೀಕ್ಷೆ ನಡೀತು. ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದಿವೆ ಅಂತ ಮಕ್ಕಳು ಬೀದಿಗಿಳಿದರು. ಕೊನೆಗೆ 240ರಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಗಣಿತದಲ್ಲೇ 60ಕ್ಕೆ 15 ಹೋದವು. ಎಲ್ಲರಿಗೂ ಒಂದೇ ನಿಯಮ, ಯಾರಿಗೂ ಅನ್ಯಾಯ ಆಗಲಿಲ್ಲ ಅಂತ ನಾವೂ ಸುಮ್ಮನಾದೆವು.

ಸ್ವಲ್ಪ ಲೆಕ್ಕ ಹಾಕೋಣ ಬನ್ನಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯುಸಿ ಅಂಕ ಅರ್ಧ. ಸುಲಭಕ್ಕೆ ಗಣಿತ ಒಂದನ್ನೇ ಹಿಡಿಯೋಣ, ಅಂಕಗಳನ್ನು ನಾವೇ ಊಹಿಸಿಕೊಳ್ಳೋಣ. ಉಳಿದ 45 ಪ್ರಶ್ನೆಗಳಲ್ಲಿ ಒಬ್ಬಳು 36 ಸರಿ ಮಾಡಿದ್ದಾಳೆ, ಪಿಯುಸಿಯಲ್ಲಿ 75. ಇನ್ನೊಬ್ಬಳು 27 ಸರಿ ಮಾಡಿದ್ದಾಳೆ, ಪಿಯುಸಿಯಲ್ಲಿ 93. ಪ್ರಶ್ನೆ ತೆಗೆದುಹಾಕಿದರೆ ಸಿಇಟಿಯಲ್ಲಿ ಇಬ್ಬರಿಗೂ ಶೇಕಡಾ 80, 60. ಎರಡೂ ಸೇರಿಸಿ ಅರ್ಧ ಮಾಡಿದರೆ 77.5, 76.5. ಮೊದಲನೆಯವಳು ಮುಂದೆ. ಅದೇ 15 ಪ್ರಶ್ನೆಗೆ ಎಲ್ಲರಿಗೂ ಗ್ರೇಸ್ ಕೊಟ್ಟರೆ? ಸಿಇಟಿ 85, 70 ಆಗುತ್ತೆ. ಒಟ್ಟು 80, 81.5. ಈಗ ಎರಡನೆಯವಳು ಮುಂದೆ! ಇಬ್ಬರೂ ಒಂದು ಉತ್ತರವನ್ನೂ ಬದಲಿಸಿಲ್ಲ. ಎಲ್ಲೋ ಕೂತು ಯಾರೋ ಒಂದು ಆಯ್ಕೆ ಒತ್ತಿದ್ದು ಅಷ್ಟೆ. ಇನ್ನು, ಆ 15 ಪ್ರಶ್ನೆಗಳ ಜೊತೆ ಗುದ್ದಾಡಿ ಸಮಯ ಕಳೆದುಕೊಂಡವರಿಗೆ ಯಾವ ಆಯ್ಕೆ ಒತ್ತಿದರೂ ಆ ನಿಮಿಷಗಳು ವಾಪಸ್ ಬರಲ್ಲ.

ಅದೇ ವರ್ಷದ ನೀಟ್ ನೋಡಿ. ಭೌತಶಾಸ್ತ್ರದ ಒಂದೇ ಒಂದು ಪ್ರಶ್ನೆ. ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸದು ಓದಿದವರಿಗೆ ಇನ್ನೊಂದು. ಎರಡಕ್ಕೂ ಅಂಕ ಕೊಟ್ಟರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ದೆಹಲಿ ಐಐಟಿಯ ತಜ್ಞರು ಸರಿ ಉತ್ತರ ಒಂದೇ ಅಂದರು, ಜುಲೈ 23ರಂದು ಕೋರ್ಟೂ ಅದನ್ನೇ ಒಪ್ಪಿತು. ಬಂದ 4 ಅಂಕ ಹೋಗಿ, ಮೇಲೆ ನೆಗೆಟಿವ್ 1. ಹೀಗೆ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಐದೈದು ಅಂಕ ಕಳೆದುಕೊಂಡರು. 720ಕ್ಕೆ 720 ತೆಗೆದವರು 61ರಿಂದ 17ಕ್ಕೆ ಇಳಿದರು. ಅಕ್ಕನ ಹಳೇ ಪುಸ್ತಕದಲ್ಲಿ ಓದುವ ಮಗು ಯಾವ ಮನೆಯದು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕನ್ನಡದಲ್ಲಿ ಬರೆಯುವವರ ಪಾಡು ಇನ್ನೂ ಚೆಂದ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರ ಮರುಪರೀಕ್ಷೆಗೆ ಹೇಳಬೇಕಾಯ್ತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳು! ನೀಟ್ ಅಂತೂ ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷೇ ಅಂತಿಮ ಅಂತ ಮೊದಲೇ ಬರೆದುಬಿಟ್ಟಿದೆ. ಅಂದರೆ ತಪ್ಪು ಅನುವಾದಿಸಿದವರದ್ದು, ಮಾರ್ಕ್ಸು ಹೋಗೋದು ಓದಿದವರದ್ದು. ಆಕ್ಷೇಪಣೆ ಹಾಕಬೇಕಾ? ಪ್ರಶ್ನೆಗೆ 200 ರೂಪಾಯಿ ಕಟ್ಟಿ. ನೀವು ಹೇಳಿದ್ದೇ ಸರಿ ಅಂತಾದರೂ ಆ ದುಡ್ಡು ವಾಪಸ್ ಇಲ್ಲ.

ಲಕ್ಷಾಂತರ ಮಕ್ಕಳ ಪರೀಕ್ಷೆ, ಒಂದೆರಡು ತಪ್ಪು ಆಗುತ್ತಪ್ಪ ಅಂತೀರಿ. ಆಗಲಿ. ತಪ್ಪಾಗಿದ್ದಕ್ಕೆ ನನ್ನ ಜಗಳ ಇಲ್ಲ. ತಪ್ಪಾದ ಮೇಲೆ ನಿಯಮ ಹುಡುಕೋದಕ್ಕೆ ಜಗಳ. ನಮ್ಮ ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸಿಗೆ 15 ಕೆಜಿ ಅಂತ ಮಾತಾದರೆ ಅದು ಹರಾಜಿಗೆ ಮುಂಚೆ ಆಗಿರಬೇಕು. ಹರಾಜು ಕೂಗಿದ ಮೇಲೆ ತೂಕ ಬದಲಿಸಿದರೆ ರೈತ ಸುಮ್ಮನಿರ್ತಾನಾ?

ಹಾಗಾಗಿ ನಾನು ಕೇಳೋದು ಇಷ್ಟೇ. ಪ್ರಶ್ನೆ ಕೆಟ್ಟರೆ ಏನು ಮಾಡ್ತೀರಿ ಅಂತ ಅಧಿಸೂಚನೆಯಲ್ಲೇ ಬರೆಯಿರಿ. ಪರಿಷ್ಕೃತ ಕೀ ಉತ್ತರದ ಜೊತೆ ಯಾಕೆ ಬದಲಾಯಿಸಿದಿರಿ, ಅದರಿಂದ ಎಷ್ಟು ಜನರ ಅಂಕ ಬದಲಾಯ್ತು ಅಂತ ಪ್ರಕಟಿಸಿ. ಕನ್ನಡ ಅನುವಾದ ತಪ್ಪಿದ್ದರೆ ಅದನ್ನು ಪ್ರಶ್ನೆಯ ತಪ್ಪು ಅಂತಲೇ ಲೆಕ್ಕ ಹಿಡಿಯಿರಿ. ಆಕ್ಷೇಪಣೆ ಸರಿಯಿದ್ದರೆ ದುಡ್ಡು ವಾಪಸ್ ಕೊಡಿ.

ನಮ್ಮಂಥ ಐಟಿ ಜನಕ್ಕೂ ಒಂದು ಮಾತು. ಆ ಟೇಬಲ್ಲಿಗೆ ಅಂಕ ತುಂಬುವಾಗ "ಕ್ಲೈಂಟ್ ಹೇಳಿದ್ದು ಮಾಡಿದೆ" ಅಂತ ಕೈ ತೊಳ್ಕೊಳ್ಳಬೇಡಿ. ಇದರಿಂದ ಯಾರ ರ‍್ಯಾಂಕು ಯಾರಿಗೆ ಹೋಗುತ್ತೆ ಅಂತ ಮೀಟಿಂಗಲ್ಲಿ ಒಂದು ಸಲ ಕೇಳಿ. ನಾನೂ ಇಷ್ಟು ದಿನ ಕೇಳಿರಲಿಲ್ಲ.

ಮುಂದಿನ ವಾರ ಮತ್ತೆ ಊರಿಗೆ ಹೋಗ್ತೀನಿ. ಸಿಸ್ಟಂ ನೋಡ್ಕೊಳಲ್ಲ ಕಣೇ, ಮನುಷ್ಯರೇ ನೋಡ್ಕೊಬೇಕು ಅಂತ ಅವಳಿಗೆ ಹೇಳಬೇಕಿದೆ.